ಆಲ್ಟರೇಶನ್ ಅಕ್ಕನಿಗೆ ಒಂದು ಪುಟ

ನಮ್ಮ ಬೀದಿಯಲ್ಲಿ ಹೊಸ ಬಟ್ಟೆ ಹೊಲಿಯುವ ದರ್ಜಿಗಳು ಬೇಕಾದಷ್ಟು ಮಂದಿ ಇದ್ದಾರೆ. ಹಳೆಯದನ್ನು ಮನುಷ್ಯರು ತೊಡುವ ಹಾಗೆ ಮಾಡಿಕೊಡುವವಳು ಒಬ್ಬಳೇ. ಅವಳನ್ನು ಎಲ್ಲರೂ ಆಲ್ಟರೇಶನ್ ಅಕ್ಕ ಎನ್ನುತ್ತಾರೆ. ಅವಳ ಅಜ್ಜನ ವಯಸ್ಸಿನವನಾದ ನಾನೂ ಅಕ್ಕ ಎಂದೇ ಕರೆಯುತ್ತೇನೆ. ಮೂರು ದಾರಿ ಕೂಡುವ ಮೂಲೆಯಲ್ಲಿ ಅವಳ ಅಂಗಡಿ. ಎಷ್ಟಗಲ ಅಂತೀರಿ? ಒಳಗೆ ನಿಂತವರು ಸೀನಿದರೆ ಎದುರು ಮನೆಯವರು ಮುಖ ಒರೆಸಿಕೊಳ್ಳಬೇಕು. ಅಷ್ಟರಲ್ಲೇ ಎರಡು ಮಷೀನು, ಇಸ್ತ್ರಿ ಮೇಜು, ಅರ್ಧ ಒಡೆದ ಉದ್ದ ಕನ್ನಡಿ, ಪರದೆ ಕಟ್ಟಿದ ಟ್ರಯಲ್ ಮೂಲೆ, ಬಟನ್ ಹಚ್ಚುತ್ತಾ ಕೂತ ಅವಳ ಅತ್ತೆ. ಮತ್ತೆ, ಗಿರಾಕಿಗಳಿಗೆಂದು ಹಾಕಿದ ಬೆಂಚಿನ ಮೇಲೆ, ಹೊಲಿಸಲು ಏನೂ ಇಲ್ಲದಿದ್ದರೂ, ನಾನು.

ಅತ್ತೆಯ ಕಣ್ಣು ಎಷ್ಟು ಚುರುಕೆಂದರೆ ಕರೆಂಟು ಹೋದಾಗ ಸೂಜಿಗೆ ದಾರ ಪೋಣಿಸಿ, ಪೋಣಿಸುತ್ತಲೇ ಬೀದಿಯ ಆ ತುದಿಯಲ್ಲಿ ಹೋಗುವವನ ಕಾಲರು ಕೊಳೆಯಾಗಿದೆ ಎಂದು ಹೇಳಬಲ್ಲಳು. ನಾಲಿಗೆ ಅದಕ್ಕಿಂತ ಚುರುಕು.

ಅಕ್ಕ ಸುದ್ದಿ ಬರೆಯಲು ಶುರು ಮಾಡಿದ್ದು ಅಂಗಡಿಯೆದುರಿನ ಗುಂಡಿಯಿಂದ. ಮೊದಮೊದಲು ಅದು ಅಂಗೈಯಗಲ ಇತ್ತು. ಬರಬರುತ್ತಾ ಹೇಗೆ ಹಿಗ್ಗಿತೆಂದರೆ, ಒಳಗಿಳಿದ ಸೈಕಲ್ಲಿನವನು ಹತ್ತಿ ಮೇಲೆ ಬರುವಷ್ಟರಲ್ಲಿ ಅವನ ಸೈಕಲ್ಲು ಹಳೇ ಮಾದರಿಯಾಗಿರುತ್ತಿತ್ತು. ಬಿದ್ದವರೆಲ್ಲ ಮೊಣಕಾಲು ಹರಿದ ಪ್ಯಾಂಟಿನೊಂದಿಗೆ ಕುಂಟುತ್ತಾ ನೇರ ಅಕ್ಕನ ಅಂಗಡಿಗೇ ಬರುತ್ತಿದ್ದರು. ಮಷೀನಿಗೆ ಬಿಡುವಿರಲಿಲ್ಲ.

"ನಮ್ಮ ಅನ್ನ ಹುಟ್ಟೋದೇ ಆ ಗುಂಡೀಲಿ. ಅದರ ತಂಟೆಗೆ ಹೋಗಬೇಡ," ಎಂದು ಅತ್ತೆ ಮೊದಲೇ ಹೇಳಿದ್ದಳು.

ಅಕ್ಕ ಕೇಳಲಿಲ್ಲ. ಕೊರಳಲ್ಲಿದ್ದ ಟೇಪು ತೆಗೆದುಕೊಂಡು ರಸ್ತೆಗಿಳಿದು, ಗಿರಾಕಿಯನ್ನು ಅಳೆಯುವ ಹಾಗೆಯೇ ಗುಂಡಿಯನ್ನು ಅಳೆದಳು. ಸೊಂಟ ಇಷ್ಟು, ಉದ್ದ ಇಷ್ಟು, ಆಳ ಇಷ್ಟು. ಫೋನಿನಲ್ಲಿ ಚಿತ್ರ ತೆಗೆದು ಕೆಳಗೆ ನಾಲ್ಕು ಸಾಲು ಬರೆದಳು. ಆದರೆ ಕೂಡಲೇ ಊರಿಗೆಲ್ಲ ಕಾಣುವ ಹಾಗೆ ಫೋನಿನಲ್ಲಿ ಹಾಕಲಿಲ್ಲ. ಬಟ್ಟೆ ಯಾರದೋ ಅವರನ್ನು ಟ್ರಯಲ್‌ಗೆ ಕರೆಯದೆ ಕೊನೆಯ ಹೊಲಿಗೆ ಹಾಕುವುದು ಅವಳ ಕೈಗೆ ಬರುವುದಿಲ್ಲ. ನಗರಸಭೆಯ ರಸ್ತೆ ಸಮಿತಿಗೆ ಒಬ್ಬ ಅಧ್ಯಕ್ಷರಿದ್ದಾರೆ, ಊರಿನ ಬಾಯಲ್ಲಿ ಡಾಂಬರು ಅಧ್ಯಕ್ಷರು. ಅವರಿಗೆ ಫೋನು ಮಾಡಿ, "ನಿಮ್ಮ ಬಗ್ಗೆ ಬರೆದಿದೀನಿ ಸರ್, ಒಂದ್ಸಲ ಬಂದು ನೋಡಿ" ಅಂದಳು.

ಹೊಗಳಿಕೆ ಇರಬೇಕೆಂದುಕೊಂಡು ಅವರು ತಲೆ ಬಾಚಿಕೊಂಡೇ ಬಂದರು. ಓದಿದರು. ಬಾಚಿದ ತಲೆ ಕೆರೆದುಕೊಂಡರು.

"'ನಿರ್ಲಕ್ಷ್ಯ' ಅಂತ ಹಾಕಿದೀಯಲ್ಲಮ್ಮ, ಅದು ಬಹಳ ಬಿಗಿ ಆಯ್ತು."

"ಯಾಕೆ ಬಿಗಿ ಹೇಳಿ, ಸಡಿಲ ಮಾಡ್ತೀನಿ."

"ಜಲ್ಲಿ ಬಂದಿಲ್ಲ. ಬೇಕಾದ್ರೆ ಲಾರಿಯವನನ್ನೇ ಕೇಳು."

ಅಕ್ಕ ಅಲ್ಲೇ ಲಾರಿಯವನಿಗೆ ಫೋನು ಹಚ್ಚಿದಳು. ಮಾತು ನಿಜವಾಗಿತ್ತು. 'ನಿರ್ಲಕ್ಷ್ಯ' ಹೋಗಿ 'ವಿಳಂಬ' ಬಂತು. ಅಧ್ಯಕ್ಷರಿಗೆ ಧೈರ್ಯ ಬಂದು, "ಹಾಗೇ ಆ ಆಳಾನೂ ಸ್ವಲ್ಪ..." ಎಂದು ರಾಗ ಎಳೆದರು.

"ಅಳತೆ ಮಾತ್ರ ಕೇಳಬೇಡಿ ಸರ್."

"ಅನುಮಾನ ಇದ್ರೆ ಇಳಿದು ನೋಡಿ," ಎಂದಳು ಅತ್ತೆ, ಬಟನ್ನಿನಿಂದ ಕಣ್ಣೆತ್ತದೆ. "ಹಗ್ಗ ನಾವು ಹಿಡ್ಕೋತೀವಿ."

ಸುದ್ದಿ ಊರಿಗೆ ಕಂಡ ಮೇಲೆ ಆ ಗುಂಡಿ ಮುಚ್ಚಿತು. ಅತ್ತೆ ಒಂದು ವಾರ ಸೂತಕದವರ ಹಾಗೆ ಕೂತಿದ್ದಳು. ಅಕ್ಕನ ಫೋನಿಗೆ ಮಾತ್ರ ರುಚಿ ಹತ್ತಿತು. ಉರಿಯದ ಬೀದಿದೀಪ, ಬಾಗಿಲು ತೆಗೆಯದ ಗ್ರಂಥಾಲಯ, ಹಗಲೆಲ್ಲ ಸೋರಿ ಸಂಜೆ ಒಣಗುವ ನಲ್ಲಿ. ಎಲ್ಲದಕ್ಕೂ ಅಳತೆ, ಎಲ್ಲದಕ್ಕೂ ಟ್ರಯಲ್. ಅಂಗಡಿಯ ಪರದೆಯ ಹಿಂದೆ ನಿಂತು ತಮ್ಮ ಬಗ್ಗೆ ಬರೆದದ್ದನ್ನು ಓದಿ ಬೆವರಿದ ಅಧಿಕಾರಿಗಳ ಬೆವರನ್ನು ಹಿಡಿದಿಟ್ಟಿದ್ದರೆ ಊರಿನ ನೀರಿನ ತೊಂದರೆ ಅರ್ಧ ನೀಗುತ್ತಿತ್ತು.

ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ಕುರ್ಚಿಯ ಮೇಲೆ ಮನಸ್ಸಾಯಿತು. ನಗರಸಭೆಯ ಸಭಾಂಗಣದಲ್ಲಿ ಪತ್ರಕರ್ತರಿಗೆಂದು ಕೆಳಗೆ ಒಂದು ಸಾಲು ಕುರ್ಚಿ ಇದೆ. ನಮ್ಮಂಥವರಿಗೆ ಮಹಡಿಯ ಮೇಲೆ, ಗಾಜಿನ ಹಿಂದೆ ಜಾಗ. ಅಲ್ಲಿಂದ ಸದಸ್ಯರು ಬಾಯಿ ಆಡಿಸುವುದು ಮೀನಿನ ತೊಟ್ಟಿಯ ಹಾಗೆ ಕಾಣುತ್ತದೆ, ಕೇಳಿಸುವುದು ಫ್ಯಾನೊಂದೇ. ಆ ಫ್ಯಾನಿನ ಗದ್ದಲ ಎಂಥದೆಂದರೆ, ಒಮ್ಮೆ ಅದು ಕೆಟ್ಟು ನಿಂತಾಗ ಸದಸ್ಯರು ತಾವು ಇಷ್ಟು ವರ್ಷ ಏನು ಮಾತಾಡುತ್ತಿದ್ದೇವೆಂದು ಮೊದಲ ಸಲ ಕೇಳಿಸಿಕೊಂಡು, ಗಾಬರಿಯಾಗಿ ಸಭೆ ಮುಂದೂಡಿದರಂತೆ. ಅಕ್ಕ ಮೇಲೆ ಕೂತು ಅರ್ಧಂಬರ್ಧ ಕೇಳಿಸಿಕೊಂಡು ಬರೆದಾಗಲೆಲ್ಲ ಟ್ರಯಲ್‌ನಲ್ಲಿ ಬಿಚ್ಚಿ ಬಿಚ್ಚಿ ಹೊಲಿಯಬೇಕಾಗುತ್ತಿತ್ತು. ಅವಳಿಗೆ ಕೆಳಗಿನ ಕುರ್ಚಿ ಬೇಕು. ಅಷ್ಟೇ.

ಸಭೆಯ ಕಾರ್ಯದರ್ಶಿಯ ಹತ್ತಿರ ಹೋಗಿ ಕೇಳಿದಳು.

"ಯಾವ ಪತ್ರಿಕೆ?" ಎಂದರು ಅವರು.

"ಯಾವುದೂ ಅಲ್ಲ ಸರ್."

"ಮತ್ತೆ ಟಿವಿ?"

"ಹೊಲಿಗೆ ಅಂಗಡಿ."

ಕಾರ್ಯದರ್ಶಿ ಆಕಳಿಸಿ, ಸುಮ್ಮನಿರಲಾರದೆ ಅವಳ ಹೆಸರನ್ನು ಫೋನಿನಲ್ಲಿ ಹುಡುಕಿದರು. ಆಕಳಿಕೆ ಅರ್ಧಕ್ಕೇ ನಿಂತಿತು. ಯಾರು ಬೇಕಾದರೂ ಬರೆಯಬಹುದಾದ ಆನ್‌ಲೈನ್ ವಿಶ್ವಕೋಶ ಇದೆಯಲ್ಲ, ಅದರಲ್ಲಿ ಅಕ್ಕನ ಹೆಸರಿಗೇ ಒಂದು ಪುಟ! "ಓಹೋ, ವಿಶ್ವಕೋಶದಲ್ಲೇ ಇದೀರಿ! ಮೊದಲೇ ಹೇಳಬಾರದಾ ಮೇಡಂ!" ಎಂದು ತಾತ್ಕಾಲಿಕ ಪಾಸು ಕೊಟ್ಟರು. ಮುಂದಿನ ಸಭೆಯ ಹೊತ್ತಿಗೆ ಪತ್ರಕರ್ತರ ಹೊಸ ಪಟ್ಟಿ ಆಗುತ್ತದೆ, ಆಗ ಕುರ್ಚಿ ಖಾಯಂ ಎಂದರು.

ಆ ಪುಟ ಇರುವುದು ಅಕ್ಕನಿಗೇ ಗೊತ್ತಿರಲಿಲ್ಲ. ಅಂಗಡಿಗೆ ಬಂದು ತೆರೆದು ನೋಡಿದಳು. ಮೊದಲ ಸಾಲಿನಲ್ಲೇ ಕರ್ತೃ ಯಾರೆಂದು ಗೊತ್ತಾಯಿತು. ಅವಳ ಮೈದುನ ಬೋರ್ಡು ಬರೆಯುವವನು. ಅವನ ಕುಂಚ ತಗುಲಿದ ಮೇಲೆ ಊರಲ್ಲಿ ಜಗತ್ಪ್ರಸಿದ್ಧವಲ್ಲದ ಅಂಗಡಿಯೇ ಉಳಿದಿಲ್ಲ. ಎರಡು ಕುರ್ಚಿಯ ಕ್ಷೌರದಂಗಡಿಗೂ 'ಅಂತಾರಾಷ್ಟ್ರೀಯ' ಎಂದು ಬರೆದವನು ಅತ್ತಿಗೆಯನ್ನು ಬಿಡುತ್ತಾನೆಯೇ? 'ದೇಶದ ಮೂಲೆ ಮೂಲೆಯಲ್ಲಿ ಮನೆಮಾತಾಗಿರುವ, ಸಾವಿರಾರು ಗುಂಡಿಗಳನ್ನು ಏಕಾಂಗಿಯಾಗಿ ಮುಚ್ಚಿಸಿದ ಧೀರ ಪತ್ರಕರ್ತೆ.'

ಮೈದುನನನ್ನು ಕರೆಸಿದಳು.

"ಏನೋ ಇದು? ಬರೆಯೋ ಮುಂಚೆ ನನ್ನ ಒಂದು ಮಾತು ಕೇಳಿದೆಯಾ?"

"ಕೇಳಿದ್ರೆ ಬೇಡ ಅಂತಿದ್ರಿ ಅತ್ತಿಗೆ."

"ಸಾವಿರಾರು ಗುಂಡಿ ಎಲ್ಲಿವೆಯೋ ಈ ಊರಲ್ಲಿ?"

"ಇವೆ, ಇವೆ," ಎಂದಳು ಅತ್ತೆ. "ನಿನ್ನ ತಲೇಲಿ ಇರೋವನ್ನೂ ಸೇರಿಸಿಕೊಂಡಿರ್ತಾನೆ."

ಈಗ ಅಕ್ಕ ಮಾಡಿದ ಕೆಲಸವನ್ನು ಈ ಲೋಕದಲ್ಲಿ ಒಬ್ಬ ಆಲ್ಟರೇಶನ್ ದರ್ಜಿ ಬಿಟ್ಟು ಬೇರೆ ಯಾರೂ ಮಾಡಲಾರರು. ತನ್ನದೇ ನಿಜ ಹೆಸರಿನಲ್ಲಿ ವಿಶ್ವಕೋಶದೊಳಗೆ ಹೋಗಿ, ತನ್ನ ಪುಟವನ್ನು ತಾನೇ ಬಿಚ್ಚಿ ಸಣ್ಣ ಮಾಡಿದಳು. 'ದೇಶದ ಮೂಲೆ ಮೂಲೆ' ಹೋಗಿ 'ಸುತ್ತಲಿನ ಕೆಲವು ಬೀದಿಗಳಲ್ಲಿ' ಆಯಿತು. 'ಧೀರ' ಪೂರ್ತಿ ಕತ್ತರಿಗೆ. 'ಸಾವಿರಾರು' ಇದ್ದಲ್ಲಿ 'ಹನ್ನೊಂದು, ಅವುಗಳಲ್ಲಿ ಎರಡು ಮತ್ತೆ ಬಾಯಿ ತೆರೆದಿವೆ' ಎಂದಾಯಿತು. ಜನ ತಮ್ಮ ಪುಟ ಹಿಗ್ಗಿಸಲು ಕಳ್ಳ ಹೆಸರಿನಲ್ಲಿ ಬರುತ್ತಾರಂತೆ. ಕುಗ್ಗಿಸಲು ನಿಜ ಹೆಸರಿನಲ್ಲಿ ಬಂದವಳನ್ನು ಆ ವಿಶ್ವಕೋಶ ಕಂಡೇ ಇರಲಿಲ್ಲ.

ಆದರೆ ಅಲ್ಲಿನ ನಿಯಮ ನಿಯಮವೇ. ತನ್ನ ಪುಟಕ್ಕೆ ತಾನೇ ಕೈ ಹಾಕಬಾರದು. ಯಾರೋ ನೋಡಿದರು. ನೋಡಿದವರು ಪುಟವನ್ನೇ ಕೂಲಂಕಷವಾಗಿ ನೋಡಿದರು. ಮರುದಿನ ಅದರ ನೆತ್ತಿಯ ಮೇಲೆ ಕೆಂಪು ಪಟ್ಟಿ ಕೂತಿತ್ತು: 'ಈ ವ್ಯಕ್ತಿ ವಿಶ್ವಕೋಶದ ಪುಟಕ್ಕೆ ಅರ್ಹರೇ ಎಂಬ ಚರ್ಚೆ ನಡೆಯುತ್ತಿದೆ. ಪುಟವನ್ನು ಅಳಿಸಬಹುದು.'

ಪುಟ ಹೋದರೆ ಪಾಸು ಹೋಗುತ್ತದೆ, ಪಾಸು ಹೋದರೆ ಕುರ್ಚಿ. ಅಕ್ಕ ಅವತ್ತು ಒಂದು ಪ್ಯಾಂಟಿಗೆ ಜಿಪ್ಪನ್ನು ಹಿಂದುಮುಂದಾಗಿ ಹಚ್ಚಿದಳು.

ಮೈದುನ ಸುಮ್ಮನಿರುವ ಜಾತಿಯೇ? ಚರ್ಚೆಗೆ ಊರನ್ನೇ ನುಗ್ಗಿಸಿದ. ಅಕ್ಕನ ಕೈಯಲ್ಲಿ ಪ್ಯಾಂಟು ಗಿಡ್ಡ ಮಾಡಿಸಿಕೊಂಡವರೆಲ್ಲ ಬಂದು 'ಉಳಿಸಿ, ಉಳಿಸಿ' ಎಂದು ಬರೆದರು. ಒಬ್ಬರು 'ನನ್ನ ಹಳೆಯ ಕೋಟನ್ನು ನನ್ನ ಹೊಸ ಹೊಟ್ಟೆಗೆ ಒಗ್ಗಿಸಿದ ಮಹಾತಾಯಿ, ಉಳಿಸಿ' ಎಂದರು. ಇನ್ನೊಬ್ಬರು ಯಾವುದಕ್ಕೂ ಇರಲಿ ಎಂದು ತಮ್ಮ ಅಂಗಡಿಯ ಫೋನ್ ನಂಬರನ್ನೂ ಹಾಕಿದರು.

ಮಾರನೆಯ ಮಧ್ಯಾಹ್ನ ಅಂಗಡಿಗೆ ಕನ್ನಡಕದವರು ಬಂದರು. ಪಕ್ಕದ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾರೆ. ಮಾತು ಅವರಿಗೆ ಮಾತ್ರೆಯ ಹಾಗೆ, ಊಟಕ್ಕೆ ಮೊದಲು ಒಂದು, ಊಟದ ನಂತರ ಒಂದು. ಅವರ ಬೂದು ಪ್ಯಾಂಟು ಅಕ್ಕನ ಹತ್ತಿರ ಕಾಲು ಗಿಡ್ಡ ಮಾಡಲು ಬಂದಿತ್ತು.

"ಆ ಪ್ಯಾಂಟು ವಾಪಸ್ ಕೊಡಿ," ಎಂದರು.

"ಒಂದು ಕಾಲು ಆಗಿದೆ ಅಣ್ಣ, ಇನ್ನೊಂದು ಉಳಿದಿದೆ. ನಾಳೆ ಬನ್ನಿ."

"ಬೇಡ. ಹಾಗೇ ಕೊಡಿ." ಗಂಟಲು ಸರಿಮಾಡಿಕೊಂಡರು. "ನಾನು ಆ ವಿಶ್ವಕೋಶದಲ್ಲಿ ನಿರ್ವಾಹಕ. ಸಂಬಳ ಇಲ್ಲ, ಸುಮ್ಮನೆ ಮಾಡ್ತೀನಿ. ಇರೋದೇ ಕೆಲವೇ ಜನ. ಉಳಿದವರೆಲ್ಲ ನಿಮ್ಮ ಮೈದುನನ ಜೊತೆ ಜಗಳ ಆಡಿ ಆಗಿದೆ, ಆಡಿದವರು ತೀರ್ಮಾನ ಹೇಳೋ ಹಾಗಿಲ್ಲ. ನಿಮ್ಮ ಪುಟದ ತೀರ್ಮಾನ ನನ್ನ ಪಾಲಿಗೆ ಬಂದಿದೆ. ಅಷ್ಟರತನಕ ನನ್ನ ಪ್ಯಾಂಟು ನಿಮ್ಮ ಹತ್ರ ಇರಬಾರದು."

ಅವರು ಅಷ್ಟೊಂದು ಮಾತು ಒಟ್ಟಿಗೆ ಆಡಿದ್ದನ್ನು ಕೇಳಿ ಅತ್ತೆಯ ಕೈಯಿಂದ ಬಟನ್ನಿನ ಡಬ್ಬಿ ಜಾರಿತು.

"ನೀವೇನಾ ಅಳಿಸೋವ್ರು?" ಎಂದಳು.

"ತೀರ್ಮಾನ ಮಾಡೋವನು ಅಮ್ಮ."

"ಅಷ್ಟು ಜನ ಉಳಿಸಿ ಉಳಿಸಿ ಅಂತಿದಾರಲ್ಲ, ಕನ್ನಡಕದಂಗಡಿ ಇಟ್ಟೋರಿಗೆ ಕಾಣಿಸ್ತಿಲ್ವಾ?"

"ಕಾಣಿಸ್ತಿದೆ. ಅಲ್ಲಿ ತಲೆ ಎಣಿಸೋಲ್ಲ. ಇವರ ಬಗ್ಗೆ ಇವರಿಗೆ ಸಂಬಂಧ ಇಲ್ಲದವರು, ನಂಬೋ ಅಂಥ ಜಾಗದಲ್ಲಿ, ವಿವರವಾಗಿ ಬರೆದಿದಾರಾ? ಅದನ್ನ ನೋಡಬೇಕು. ಒಂದು ಕಡೆ ಸಾಲದು."

"ಇವಳು ಊರಿನವರ ಬಗ್ಗೆ ಬರೀತಾಳೆ. ಇವಳ ಬಗ್ಗೆ ಬರೆಯೋಕೆ ಇಂಥಾ ಇನ್ನೊಬ್ಬಳನ್ನ ಎಲ್ಲಿಂದ ತರೋಣ?"

ಕನ್ನಡಕದವರು ಪ್ಯಾಂಟು ಮಡಚಿಕೊಂಡು ಹೋದರು. ಅಲ್ಲಿಗೆ ಮುಗಿಯಲಿಲ್ಲ. ಅವರ ಹತ್ತಿರ ಇರುವುದು ಎರಡೇ ಪ್ಯಾಂಟು. ಒಂದು ಒಗೆಯಲು ಹಾಕಿದಾಗ ಇದನ್ನೇ ಹಾಕಿಕೊಂಡು, ಒಂದು ಕಾಲು ಹಿಮ್ಮಡಿಗೆ, ಇನ್ನೊಂದು ನೆಲ ಗುಡಿಸುತ್ತಾ, ನಮ್ಮ ಮೂಲೆಯಿಂದಲೇ ಹೋಗಬೇಕು. ಅವರು ಹೋದ ದಾರಿಯಲ್ಲಿ ಒಂದು ಕಡೆ ಕಸವೇ ಇರುತ್ತಿರಲಿಲ್ಲ, ಪೌರಕಾರ್ಮಿಕರು ಅತ್ತ ಬರುವುದನ್ನೇ ಬಿಟ್ಟರು. ಅಕ್ಕನಿಗೆ ಮಾತ್ರ ಅದು ಪ್ರಾಣಸಂಕಟ. ಕಂಡ ಕೂಡಲೇ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು. "ಪುಟ ಹೋದರೆ ಹೋಗಲಿ ಅಜ್ಜಾ, ಆ ಕಾಲೊಂದು ಮಡಚೋಕೆ ಬಿಟ್ಟರೆ ಸಾಕು," ಎಂದು ಒಮ್ಮೆ ನನ್ನ ಹತ್ತಿರ ಹೇಳಿಯೂ ಬಿಟ್ಟಳು. ಆದರೆ ಕುರ್ಚಿಯ ಆಸೆ ಹಾಗೆಲ್ಲ ಹೋಗುವುದಲ್ಲ. ಸಭೆಯ ದಿನ ಹತ್ತಿರ ಬರುತ್ತಿತ್ತು.

ಮೈದುನ ಎರಡು ಲೇಖನ ಹುಡುಕಿ ಚರ್ಚೆಗೆ ಹಾಕಿದ. ಒಂದು, ದೂರದ ಊರಿನ ವಾರಪತ್ರಿಕೆಯದು. ಅದರ ಬರಹಗಾರ್ತಿ ಬಂದು ಇದೇ ಬೆಂಚಿನ ಮೇಲೆ ಎರಡು ದಿನ ಕೂತು, ಟ್ರಯಲ್ ನೋಡಿ, ಅತ್ತೆಯಿಂದ ಬೈಸಿಕೊಂಡು ಬರೆದ ದೊಡ್ಡ ಬರಹ. ಇನ್ನೊಂದು, ನಮ್ಮೂರ ದಿನಪತ್ರಿಕೆಯ ಒಳಪುಟದಲ್ಲಿ ಫೋಟೋ ಸಮೇತ ಬಂದದ್ದು. ಎರಡಾಯಿತಲ್ಲ, ಗೆದ್ದೆವು ಎಂದು ಮೈದುನ ಬೆಂಚಿನ ಮೇಲೆ ಕುಣಿದ. ನಾನು ಇನ್ನೊಂದು ತುದಿಯಲ್ಲಿದ್ದೆ. ಅವನು ಇಳಿದಾಗ ನಾನು ಏರಿದ್ದೆ.

ಚರ್ಚೆ ಮುಗಿಯುವ ಹಿಂದಿನ ದಿನ ಕನ್ನಡಕದವರು ಮತ್ತೆ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಅಕ್ಕ ಒಂದು ಪರದೆಗೆ ಅಂಚು ಹಿಡಿಯುತ್ತಿದ್ದಳು. ಬಾಯಿ ತುಂಬಾ ಗುಂಡುಪಿನ್ನು.

"ಒಂದೇ ಪ್ರಶ್ನೆ. ವಾರಪತ್ರಿಕೆಯದು ಸರಿ ಇದೆ. ಈ ದಿನಪತ್ರಿಕೆಯವರು ಬರೆಯೋ ಮುಂಚೆ ನಿಮ್ಮನ್ನ ಬಂದು ನೋಡಿದ್ರಾ? ಅವರಾಗೇ ವಿಚಾರಿಸಿ ಬರೆದದ್ದಾ?"

ದಿನಪತ್ರಿಕೆಯ ಬರಹದಲ್ಲೂ 'ಮನೆಮಾತಾಗಿರುವ' ಇದ್ದದ್ದು ನಮಗೆಲ್ಲ ಗೊತ್ತಿತ್ತು. ಮೈದುನ ಪತ್ರಿಕೆಯ ಕಚೇರಿಯ ಬೋರ್ಡು ಬರೆಯಲು ಹೋದವನು ಏಣಿಯ ಮೇಲೆ ನಿಂತೇ ಹೇಳುತ್ತಾ ಹೋದದ್ದನ್ನು ಅಲ್ಲಿನವರು ಕೆಳಗೆ ಕೂತು ಬರೆದುಕೊಂಡಿದ್ದರು. ಅತ್ತೆ ಮೇಜಿನ ಕೆಳಗೆ ಕಾಲು ಚಾಚಿದಳು. ಒದೆ ಬಿದ್ದದ್ದು ನನ್ನ ಮೊಣಕಾಲಿಗೆ.

ಅಕ್ಕ ತಲೆಯಾಡಿಸಿ ಹೂಂ ಎಂದಿದ್ದರೂ ನಡೆಯುತ್ತಿತ್ತು. ಅವಳು ಒಂದೊಂದೇ ಪಿನ್ನನ್ನು ಬಾಯಿಂದ ತೆಗೆದು ದಿಂಬಿಗೆ ಚುಚ್ಚತೊಡಗಿದಳು. ಅಷ್ಟು ಹೊತ್ತಿನಲ್ಲಿ ನನಗೆ ಇನ್ನೊಂದು ಸಲ ಮುಪ್ಪು ಬಂತು.

"ಇಲ್ಲ ಅಣ್ಣ," ಎಂದಳು ಕೊನೆಗೆ. "ಅವರು ನನ್ನ ನೋಡಿಲ್ಲ. ನಮ್ಮ ಮೈದುನ ಹೇಳಿದ್ದನ್ನೇ ಹಾಕಿದಾರೆ."

"ಆಯ್ತು," ಎಂದು ಕನ್ನಡಕದವರು ಹೋದರು.

"ಬಾಯಲ್ಲಿ ಪಿನ್ನು ಇತ್ತಲ್ಲ!" ಅತ್ತೆ ಹಣೆ ಚಚ್ಚಿಕೊಂಡಳು. "ಹಾಗೇ ಮುಚ್ಕೊಂಡಿದ್ರೆ ಯಾರು ಕೇಳ್ತಿದ್ರು? ಪುಣ್ಯಾತ್ಗಿತ್ತಿ, ಪಿನ್ನು ತೆಗೆದು ಸತ್ಯ ಹೇಳ್ತಾಳೆ!"

"ನಾಳೆ ಇನ್ಯಾರನ್ನೋ ಕೂರಿಸಿಕೊಂಡು ನಿಜ ಹೇಳಿ ಅಂತ ಹೇಗೆ ಕೇಳಲಿ ಅತ್ತೆ?"

"ಬಾಯಿಂದ ಕೇಳು. ಎಲ್ಲರೂ ಹಾಗೇ ಕೇಳೋದು."

ಮರುದಿನ ತೀರ್ಮಾನ ಬಂತು. ಅಕ್ಕ ಅದನ್ನು ನಮಗೆ ಗಟ್ಟಿಯಾಗಿ ಓದಿ ಹೇಳಿದಳು. 'ಇವರ ಬಗ್ಗೆ ಸ್ವತಂತ್ರವಾದ, ವಿವರವಾದ ಬರಹ ಸದ್ಯಕ್ಕೆ ಒಂದೇ ಸಿಕ್ಕಿದೆ. ಪುಟಕ್ಕೆ ಅದು ಸಾಲದು. ಅಳಿಸಲಾಗಿದೆ. ಮುಂದೆ ಇನ್ನಷ್ಟು ಬರಹ ಬಂದರೆ ಹೊಸದಾಗಿ ಬರೆಯಬಹುದು. ಇದು ಪುಟದ ಬಗೆಗಿನ ತೀರ್ಮಾನ, ಅವರ ಕೆಲಸದ ಬಗ್ಗೆ ಅಲ್ಲ.'

ಮೈದುನ ಕಣ್ಣೊರೆಸಿಕೊಂಡ. ಅವನಿಗೆ ಅತ್ತಿಗೆ ಸೋತದ್ದಕ್ಕಿಂತ 'ಧೀರ' ಹೋದ ದುಃಖ ಹೆಚ್ಚು. ಅತ್ತೆ ಕನ್ನಡಕದವರ ಏಳು ತಲೆಮಾರಿನ ದೃಷ್ಟಿಯನ್ನು ಬೈದಳು. ಅಕ್ಕ ಎರಡನೆಯ ಸಲ ಮನಸ್ಸಿನಲ್ಲೇ ಓದಿಕೊಂಡು, "ಅಳತೆ ಸರಿಯಾಗೇ ಇದೆ," ಎಂದು ಫೋನು ಮಗುಚಿಟ್ಟಳು. ಸ್ವಲ್ಪ ಹೊತ್ತು ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ.

ಸಂಜೆಯ ಹೊತ್ತಿಗೆ ಕನ್ನಡಕದವರು ಬೂದು ಪ್ಯಾಂಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದರು. ಪ್ಯಾಂಟು ಕಾಗದದ ಚೀಲದಲ್ಲಿತ್ತು. ಅಕ್ಕ ಎದ್ದುಹೋಗಿ ಚೀಲ ಕಿತ್ತುಕೊಂಡಳು. ಇಷ್ಟು ವೇಗವಾಗಿ ಪ್ಯಾಂಟಿನ ಕಾಲು ಮಡಚಿದ್ದನ್ನು ನಾನು ನೋಡಿಲ್ಲ, ಮಷೀನು ಬೆಚ್ಚಗಾಗಿ ಅತ್ತೆ ಅದರ ಮೇಲೆ ಕೈ ಕಾಯಿಸಿಕೊಂಡಳು.

"ನಮ್ಮ ಕುರ್ಚಿ ಕಿತ್ಕೊಂಡ್ರಲ್ಲ," ಎಂದಳು ಅತ್ತೆ ಅವರಿಗೆ.

"ಯಾವ ಕುರ್ಚಿ?" ಎಂದರು ಅವರು. ಪಾಪ, ಅವರಿಗೆ ಗೊತ್ತೇ ಇರಲಿಲ್ಲ. ಅಕ್ಕ ಹೇಳಿರಲಿಲ್ಲ.

ಸಭೆಯ ದಿನ ಅಕ್ಕ ಪಾಸು ವಾಪಸ್ಸು ಕೊಡಲು ಹೊರಟಳು. ಅತ್ತೆಯೂ ನಾನೂ ಜೊತೆಗೆ ಹೋದೆವು. ಸಭಾಂಗಣದ ಬಾಗಿಲಲ್ಲಿ ಕಾರ್ಯದರ್ಶಿ ಹೊಸ ಪಟ್ಟಿ ಹಿಡಿದು ನಿಂತಿದ್ದರು.

"ಆ ಪುಟ ಅಳಿಸಿದಾರೆ ಸರ್. ನಾನು ವಿಶ್ವಕೋಶದಲ್ಲಿ ಇಲ್ಲ," ಎಂದು ಅಕ್ಕ ಪಾಸು ಚಾಚಿದಳು.

ಕಾರ್ಯದರ್ಶಿ ಫೋನಿನಲ್ಲಿ ನೋಡಿ ಲೊಚಗುಟ್ಟಿದರು. "ಹಾಗಾದ್ರೆ ಮೇಲೆ ಗಾಜಿನ ಹಿಂದೆ ಕೂತ್ಕೊಳ್ಳಿ. ನಾನೇನು ಮಾಡಲಿ?"

ಅಷ್ಟರಲ್ಲಿ ಡಾಂಬರು ಅಧ್ಯಕ್ಷರು ಬಂದರು. ಮೇಲೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹಾವು ತುಳಿದವರ ಹಾಗೆ ನಿಂತರು.

"ಯಾರು ಮೇಲೆ? ಇವಳಾ? ಬೇಡ ಮಾರಾಯ!"

"ಇವರಿಗೆ ಪುಟ ಇಲ್ಲ ಸರ್."

"ಪುಟ ಕಟ್ಟಿಕೊಂಡು ನನಗೇನಾಗಬೇಕು? ಇವಳು ಮೇಲೆ ಕೂತು ಅರ್ಧ ಕೇಳಿಸ್ಕೋತಾಳೆ. ಅರ್ಧ ಬರೀತಾಳೆ. ಆಮೇಲೆ ಬನ್ನಿ ಟ್ರಯಲ್‌ಗೆ ಅಂತಾಳೆ. ಒಂದು ಸಭೆಗೆ ನಾನು ಎಷ್ಟು ಸಲ ಆ ಅಂಗಡಿಗೆ ಹೋಗಲಿ? ಹೋದಾಗಲೆಲ್ಲ ಈ ಅಮ್ಮನ ಕೈಲಿ ಬೈಸ್ಕೋಬೇಕು!"

"ನಾನೆಲ್ಲಿ ಬೈದೆ?" ಎಂದಳು ಅತ್ತೆ. "ವಿಚಾರಿಸಿದೆ."

"ನೋಡಿದ್ರಾ? ಮುಂದಿನ ಸಾಲಲ್ಲೇ ಕೂರಿಸಿ, ಫ್ಯಾನಿಂದ ದೂರ. ಬೇರೆ ಪತ್ರಿಕೆಯವರು ಬರೆದದ್ದು ನನಗೆ ಅಚ್ಚಾದ ಮೇಲೆ ಗೊತ್ತಾಗುತ್ತೆ. ಇವಳಾದ್ರೆ ಬೈಯೋ ಮುಂಚೆ ಹೇಳ್ತಾಳೆ."

"ಆದ್ರೆ ಪತ್ರಿಕೆ ಅನ್ನೋ ಕಡೆ ಏನು ಬರೀಲಿ?"

"ಇಲ್ಲ ಅಂತ ಬರೀರಿ ಸರ್," ಎಂದಳು ಅಕ್ಕ.

ಕಾರ್ಯದರ್ಶಿ ಪೆನ್ನು ಕಚ್ಚಿದರು. ಇಲ್ಲ ಎಂದು ಬರೆದರೂ ಆ ಜಾಗ ತುಂಬುತ್ತದೆ ಎಂಬುದು ಅವರಿಗೆ ಹೊಳೆದ ಹಾಗಿತ್ತು. ಹಾಗೆಯೇ ಬರೆದು, ಪಕ್ಕದಲ್ಲಿ ಅವಳ ಹೆಸರು ಸೇರಿಸಿ, ಪಾಸನ್ನು ಅವಳ ಕೈಗೇ ವಾಪಸ್ಸು ಕೊಟ್ಟರು.

ಸಭಾಂಗಣದ ಬಾಗಿಲು ಎಂದೂ ಪೂರ್ತಿ ಮುಚ್ಚುವುದಿಲ್ಲ. ಅತ್ತೆಯೂ ನಾನೂ ಆ ಸಂದಿಯಲ್ಲೇ ನಿಂತು ನೋಡಿದೆವು. ಅಕ್ಕ ಮುಂದಿನ ಸಾಲಿಗೆ ಹೋದಳು. ಇಬ್ಬರು ವರದಿಗಾರರು ಚೀಲ ಸರಿಸಿ ಜಾಗ ಕೊಟ್ಟರು. ಅವಳು ಕೂತು ಫೋನು ತೆಗೆಯುವಷ್ಟರಲ್ಲಿ ಅಧ್ಯಕ್ಷರು ಮಾತು ಶುರು ಮಾಡಿಬಿಟ್ಟಿದ್ದರು.

"ಈ ವರ್ಷ ಊರಿನ ಎಲ್ಲಾ ರಸ್ತೆಗಳ ದುರಸ್ತಿ ಮುಗಿದಿದೆ ಎಂದು ತಿಳಿಸಲು..."

ಪತ್ರಕರ್ತರು ಸಭೆಯಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಅದು ಅಕ್ಕನಿಗೆ ಗೊತ್ತಿರಲಿಲ್ಲ. ಕೈ ಎತ್ತಿದಳು.

"ಸರ್, ಶುರುವಿನದು ಕೇಳಿಸಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

ಕಾರ್ಯದರ್ಶಿ ಅರ್ಧ ಎದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಅವಳತ್ತ ನೋಡಿದರು, ಕಾಗದದತ್ತ ನೋಡಿದರು, ಮತ್ತೆ ಅವಳತ್ತ ನೋಡಿದರು.

"ಈ ವರ್ಷ," ಎಂದರು ನಿಧಾನವಾಗಿ, "ಊರಿನ ಕೆಲವು ರಸ್ತೆಗಳ ದುರಸ್ತಿ ನಡೀತಾ ಇದೆ."